ಚಕ್ರದ ಸ್ಟಡ್ಡುಗಳು, ಹಿಂಗಾಲಿಯ ಬೇರಿಂಗು ಮತ್ತು ಬಿಗಿತದ ವಿಚಾರ

ಯಂತ್ರಶಾಸ್ತ್ರದ ತರಗತಿಗಳಲ್ಲಿ ಬೋಲ್ಟು ನಟ್ಟುಗಳಿಗೆ ದೊರೆಯುವ ಸ್ಥಾನ ಬಹು ಅಲ್ಪವಾದುದು. ಪಠ್ಯಪುಸ್ತಕದಲ್ಲಿ ಒಂದು ಅಧ್ಯಾಯ, ಪರೀಕ್ಷೆಯಲ್ಲಿ ಒಂದು ಪ್ರಶ್ನೆ. ಅಲ್ಲಿಗೆ ಆ ವಿಷಯದ ಋಣ ತೀರಿದಂತೆ. ಹೀಗಿದ್ದರೂ ಓಡುತ್ತಿರುವ ಮೋಟಾರು ಕಾರಿನ ಒಂದೊಂದು ಚಕ್ರವನ್ನೂ ಅದರ ಸ್ಥಾನದಲ್ಲಿ ಹಿಡಿದಿಟ್ಟಿರುವುದು ನಾಲ್ಕೋ ಐದೋ ಉಕ್ಕಿನ ಸ್ಟಡ್ಡುಗಳು ಮಾತ್ರ. ಅವು ಸೋತರೆ ಚಕ್ರ ಕಳಚಿಹೋಗುತ್ತದೆ. ಕಾರಿನೊಳಗೆ ಕುಳಿತವರಿಗಷ್ಟೇ ಅಲ್ಲದೆ ದಾರಿಯ ಬದಿಯಲ್ಲಿ ನಡೆದುಹೋಗುತ್ತಿರುವವರಿಗೂ ಅದರಿಂದ ಪ್ರಾಣಾಪಾಯ.

ಸ್ಟಡ್ಡು ಮುರಿದಾಗ ಸಾಮಾನ್ಯವಾಗಿ ಕೇಳಿಬರುವ ತೀರ್ಪು ಒಂದೇ: ಮಾಲು ಸರಿಯಿರಲಿಲ್ಲ, ಇನ್ನೂ ಗಟ್ಟಿಯಾದುದನ್ನು ಹಾಕಬೇಕು. ಪರಿಶೀಲಿಸಿದರೆ ಈ ತೀರ್ಪು ಬಹುಮಟ್ಟಿಗೆ ತಪ್ಪೆಂದೇ ಹೇಳಬೇಕಾಗುತ್ತದೆ. ಸ್ಟಡ್ಡು ಮುರಿಯುವುದು ಹೆಚ್ಚಾಗಿ ಉಕ್ಕಿನ ದೌರ್ಬಲ್ಯದಿಂದಲ್ಲ, ಬಿಗಿತದ ಅಭಾವದಿಂದ. ಹಿಂದಿನ ಚಕ್ರದ ಬೇರಿಂಗು ಅಕಾಲದಲ್ಲಿ ಹಾಳಾಗುವುದಕ್ಕೂ ಎಷ್ಟೋ ವೇಳೆ ಇದೇ ಜಾತಿಯ ಕಾರಣವಿರುತ್ತದೆ: ಬಲವು ಹರಿಯಬೇಕಾದ ದಾರಿಯಲ್ಲಿ ಹರಿಯದೆ ಬೇರೆ ದಾರಿ ಹಿಡಿದಿರುತ್ತದೆ. ಈ ಎರಡು ಭಾಗಗಳನ್ನು ಬದಲಾಯಿಸುವ ಕೆಲಸವನ್ನು ಒಂದು ನಿರ್ದಿಷ್ಟ ಕಾರಿನ ನಿದರ್ಶನದಿಂದ ವಿವರಿಸುತ್ತ, ಅದರ ಹಿಂದಿರುವ ತತ್ತ್ವವನ್ನು ತಿಳಿಸುವುದು ಪ್ರಕೃತ ಲೇಖನದ ಉದ್ದೇಶ.

ನಿದರ್ಶನಕ್ಕಾಗಿ ಆರಿಸಿಕೊಂಡಿರುವುದು ಜಪಾನಿನ ಹಿರೋಷಿಮಾದ ಮಾಜ್ದಾ ಕಂಪನಿಯ ಎಂಎಕ್ಸ್-5 ಎಂಬ ಎರಡು ಆಸನಗಳ ಕ್ರೀಡಾ ಕಾರು. 1989ರ ಫೆಬ್ರವರಿಯಲ್ಲಿ ಷಿಕಾಗೋ ನಗರದ ಮೋಟಾರು ಪ್ರದರ್ಶನದಲ್ಲಿ ಇದು ಮೊದಲು ಕಾಣಿಸಿಕೊಂಡಿತು. ಅಮೆರಿಕದವರು ಇದನ್ನು ಮಿಯಾಟಾ ಎಂದು ಕರೆದರು. 2016ರ ಏಪ್ರಿಲಿನಲ್ಲಿ ಈ ಹೆಸರಿನ ಹತ್ತು ಲಕ್ಷದ ಕಾರು ತಯಾರಾಯಿತು. 1997ರವರೆಗೆ ಬಂದ ಮೊದಲ ಮಾದರಿಯೇ ನಮ್ಮ ವಿಷಯ. ಅದರ ಎಂಜಿನು ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ. ಚಾಲಕನೂ ಸೇರಿ ತೂಕ ಸುಮಾರು ಒಂದು ಸಾವಿರ ಕಿಲೋಗ್ರಾಂ. ಅಗ್ಗದ ಕಾರಾದ್ದರಿಂದಲೂ ಹಗುರವಾದ್ದರಿಂದಲೂ ಹವ್ಯಾಸಿಗಳು ಇದನ್ನು ಪಂದ್ಯದ ಮೈದಾನಗಳಿಗೆ ಹೇರಳವಾಗಿ ಕೊಂಡೊಯ್ದರು. ರಸ್ತೆಯ ಮೇಲೆ ಎರಡು ವರ್ಷಕ್ಕೊಮ್ಮೆ ಬಿಚ್ಚುವ ಚಕ್ರವನ್ನು ಪಂದ್ಯದವರು ಒಂದು ದಿನದಲ್ಲಿ ಎರಡು ಸಲ ಬಿಚ್ಚಿ ಹಾಕುತ್ತಾರೆ. ಸ್ಟಡ್ಡುಗಳ ಸವೆತ, ಬೇರಿಂಗಿನ ಅಳಲು ಎರಡೂ ಅಲ್ಲಿ ಬೇಗ ಪ್ರಕಟವಾಗುತ್ತವೆ. ಇದರ ಚಕ್ರಕ್ಕೆ ನಾಲ್ಕು ಸ್ಟಡ್ಡುಗಳು. ಅವುಗಳ ಕೇಂದ್ರಗಳ ಮೂಲಕ ಹಾಯುವ ವೃತ್ತದ ವ್ಯಾಸ 100 ಮಿಲಿಮೀಟರು. ಪ್ರತಿಯೊಂದು ಸ್ಟಡ್ಡಿನ ವ್ಯಾಸ 12 ಮಿಲಿಮೀಟರು, ಥ್ರೆಡ್ಡಿನ ಒಂದು ಸುತ್ತಿಗೆ ಮುನ್ನಡೆ 1.5 ಮಿಲಿಮೀಟರು.

ನಮ್ಮ ಎತ್ತಿನ ಗಾಡಿಯ ಕಡಾಣಿಯನ್ನು ವಾಚಕರು ಬಲ್ಲರು. ಗಾಲಿ ಅಚ್ಚಿನಿಂದ ಜಾರಿ ಹೊರಗೆ ಹೋಗದಂತೆ ಅಡ್ಡನಿಲ್ಲುವುದು ಅದರ ಕೆಲಸ. ಗಾಲಿ ಬಂದು ತಾಗಿದಾಗ ಮಾತ್ರ ಅದರ ಮೇಲೆ ಭಾರ. ಉಳಿದಂತೆ ಅದು ಸಡಿಲವಾಗಿಯೇ ಇರಬಹುದು, ಇದ್ದರೆ ದೋಷವಿಲ್ಲ. ಕಾರಿನ ಸ್ಟಡ್ಡನ್ನೂ ಇಂತಹ ಗೂಟವೆಂದೇ ಬಹುಮಂದಿ ಭಾವಿಸುತ್ತಾರೆ. ಕಾರಿನ ಭಾರವೆಲ್ಲ ನಾಲ್ಕು ಗೂಟಗಳ ಮೇಲೆ ನೇತಾಡುತ್ತಿದೆ, ಬ್ರೇಕು ಒತ್ತಿದಾಗ ಆ ಗೂಟಗಳೇ ಚಕ್ರವನ್ನು ತಡೆಯುತ್ತವೆ ಎಂಬುದು ಅವರ ಕಲ್ಪನೆ. ವಾಸ್ತವವಾಗಿ ಸ್ಟಡ್ಡಿನ ಕೆಲಸ ತೀರ ಬೇರೆ. ನಟ್ಟನ್ನು ಬಿಗಿದಾಗ ಸ್ಟಡ್ಡು ಅತಿ ಗಡುಸಾದ ಸ್ಪ್ರಿಂಗಿನಂತೆ ಹಿಗ್ಗುತ್ತದೆ; ಹಿಗ್ಗಿದ್ದು ಕುಗ್ಗಲು ಹವಣಿಸುತ್ತ ಚಕ್ರವನ್ನು ಹಬ್ಬಿನ ಮುಖಕ್ಕೆ ಅವುಚಿಕೊಳ್ಳುತ್ತದೆ. ಹೀಗೆ ಅವುಚಿದ ಎರಡು ಮುಖಗಳ ನಡುವಣ ಘರ್ಷಣವೇ ಕಾರಿನ ಭಾರವನ್ನೂ ಬ್ರೇಕಿನ ಬಲವನ್ನೂ ಎಂಜಿನಿನ ಸೆಳೆತವನ್ನೂ ಹೊರುವುದು. ಸ್ಟಡ್ಡು ಹೊರುವುದು ತನ್ನ ಸೆಳೆತವನ್ನು ಮಾತ್ರ.

ಲೆಕ್ಕ ಮಾಡಿ ನೋಡೋಣ. ಈ ಕಾರಿನ ಕೈಪಿಡಿಯ ಪ್ರಕಾರ ಚಕ್ರದ ನಟ್ಟಿಗೆ ಕೊಡಬೇಕಾದ ಟಾರ್ಕು 88ರಿಂದ 118 ನ್ಯೂಟನ್-ಮೀಟರ್. ಮಧ್ಯಮವಾಗಿ 100 ಎಂದಿಟ್ಟುಕೊಳ್ಳೋಣ. ಟಾರ್ಕು ಎಂಬುದು ಬಲ, ವ್ಯಾಸ ಮತ್ತು ಒಂದು ಅನುಭವಸಿದ್ಧ ಗುಣಾಂಕ ಇವುಗಳ ಗುಣಲಬ್ಧ. ಒಣಗಿದ ಉಕ್ಕಿನ ಥ್ರೆಡ್ಡಿಗೆ ಆ ಗುಣಾಂಕ ಸ್ಥೂಲವಾಗಿ 0.2. ಆದ್ದರಿಂದ ಒಂದು ಸ್ಟಡ್ಡಿನ ಸೆಳೆತ ಸುಮಾರು 41,700 ನ್ಯೂಟನ್ನು, ಅಂದರೆ ನಾಲ್ಕು ಟನ್ನಿಗೂ ಮೀರಿದ ಭಾರ. ನಾಲ್ಕು ಸ್ಟಡ್ಡುಗಳೂ ಸೇರಿ ಹದಿನೇಳು ಟನ್ನು. ಒಂದು ಟನ್ನಿನ ಕಾರಿನ ಕಾಲುಭಾಗವನ್ನು ಹೊರಬೇಕಾದ ಚಕ್ರವನ್ನು ಹದಿನೇಳು ಟನ್ನಿನ ಬಲದಿಂದ ಅವುಚಿ ಹಿಡಿಯುವುದು ಅತಿರೇಕವೆಂದು ವಿದ್ಯಾರ್ಥಿಗೆ ತೋರಬಹುದು. ಅದು ಅತಿರೇಕವಲ್ಲವೆಂಬುದಕ್ಕೆ ಬ್ರೇಕಿನ ಲೆಕ್ಕವೇ ಸಾಕ್ಷಿ. ಅವುಚಿದ ಮುಖಗಳ ಘರ್ಷಣ ಗುಣಾಂಕವನ್ನು 0.15 ಎಂದು ಹಿಡಿದರೆ ಜಾರದೆ ತಡೆಯಬಲ್ಲ ಬಲ 25,000 ನ್ಯೂಟನ್ನು. ಇನ್ನೊಂದು ಕಡೆ, ಕಾರನ್ನು ಗುರುತ್ವ ವೇಗೋತ್ಕರ್ಷದಷ್ಟೇ ತೀವ್ರವಾಗಿ ನಿಲ್ಲಿಸುವಾಗ ನೂರರಲ್ಲಿ ಎಪ್ಪತ್ತು ಪಾಲು ಮುಂದಿನ ಚಕ್ರಗಳ ಪಾಲಿಗೆ ಬರುತ್ತದೆನ್ನೋಣ. ಆಗ ಒಂದು ಮುಂಚಕ್ರದ ಟೈರಿನ ಅಂಚಿನಲ್ಲಿ ಸುಮಾರು 3,400 ನ್ಯೂಟನ್ನು. ಟೈರಿನ ತ್ರಿಜ್ಯ 29 ಸೆಂಟಿಮೀಟರು, ಸ್ಟಡ್ಡುಗಳ ವೃತ್ತದ ತ್ರಿಜ್ಯವಾದರೋ 5 ಸೆಂಟಿಮೀಟರು; ಸನ್ನೆಯ ನ್ಯಾಯದಿಂದ ಅದೇ ಬಲ ಸ್ಟಡ್ಡುಗಳ ಬಳಿ ಹೆಚ್ಚುಕಡಮೆ ಆರು ಪಟ್ಟಾಗಿ 20,000 ನ್ಯೂಟನ್ನಿನಷ್ಟಾಗುತ್ತದೆ. ನಟ್ಟಿನ ಶಂಕುಮುಖವೂ ಸ್ವಲ್ಪ ಭಾಗವನ್ನು ಹೊರುತ್ತದೆಂಬುದು ನಿಜ. ಆದರೂ ಇರುವುದು 25, ಬೇಕಾದುದು 20. ಅರ್ಧ ಬಿಗಿತದ ನಟ್ಟಿನಲ್ಲಿ ಇರುವುದು ಹನ್ನೆರಡೂವರೆ ಮಾತ್ರ. ಅಲ್ಲಿ ಚಕ್ರ ತನ್ನ ಆಸನದ ಮೇಲೆ ಜಾರಲು ತೊಡಗಲೇಬೇಕು.

ಚಕ್ರ ಕೂದಲೆಳೆಯಷ್ಟು ಜಾರಿದರೂ ಸ್ಟಡ್ಡು ಬಾಗುತ್ತದೆ. ಚಕ್ರ ಒಂದು ಸುತ್ತು ಸುತ್ತಿದಾಗ ಅದು ಅತ್ತ ಒಮ್ಮೆ ಇತ್ತ ಒಮ್ಮೆ ಬಾಗಿರುತ್ತದೆ. ಈ ಟೈರು ಒಂದು ಕಿಲೋಮೀಟರಿಗೆ ಸುಮಾರು 550 ಸುತ್ತು ತಿರುಗುವುದರಿಂದ ಸಾವಿರ ಕಿಲೋಮೀಟರು ಸಾಗುವಷ್ಟರಲ್ಲಿ ಐದೂವರೆ ಲಕ್ಷ ಸಲ ಬಾಗಿದಂತಾಯಿತು. ಒಂದೇ ಸಲಕ್ಕೆ ಎಳೆದರೆ ಮುರಿಯದ ಲೋಹ ಹೀಗೆ ಮತ್ತೆಮತ್ತೆ ಬಾಗಿದರೆ ಮುರಿಯುತ್ತದೆಂಬುದನ್ನು ಮಾನವನು ಕಲಿತದ್ದು ಬಹು ದುಬಾರಿಯಾದ ಪಾಠದಿಂದ. 1842ರ ಮೇ 8ರಂದು ವರ್ಸೇಯಿಂದ ಪ್ಯಾರಿಸಿಗೆ ಬರುತ್ತಿದ್ದ ರೈಲಿನ ಮುಂದಿನ ಎಂಜಿನಿನ ಅಚ್ಚು ಮುರಿದು, ಹಿಂದಿನ ಗಾಡಿಗಳು ಒಂದರ ಮೇಲೊಂದು ಬಿದ್ದು ಬೆಂಕಿ ಹತ್ತಿಕೊಂಡು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷವೇ ಸ್ಕಾಟ್ಲೆಂಡಿನ ರ್‍ಯಾಂಕಿನ್ ರೈಲಿನ ಅಚ್ಚುಗಳು ಮುರಿಯುವ ಬಗೆಯನ್ನು ಕುರಿತು ಪ್ರಬಂಧವನ್ನು ಬರೆದ. ಪ್ರಷ್ಯದ ರೈಲ್ವೆಯಲ್ಲಿದ್ದ ಆಗಸ್ಟ್ ವ್ಯೋಲರ್ 1850ರ ಅನಂತರ ಎರಡು ದಶಕಗಳ ಕಾಲ ಅಚ್ಚುಗಳನ್ನು ತಿರುಗಿಸಿ ಬಾಗಿಸಿ ಪ್ರಯೋಗಗಳನ್ನು ನಡೆಸಿ, ಲೋಹದ ಆಯುಸ್ಸನ್ನು ನಿರ್ಣಯಿಸುವುದು ಪರಮಾವಧಿ ಭಾರವೊಂದೇ ಅಲ್ಲ, ಭಾರದ ಏರಿಳಿತ ಎಂಬುದನ್ನು ತೋರಿಸಿಕೊಟ್ಟ. ಇದಕ್ಕೆ ಲೋಹದ ಆಯಾಸವೆಂದು ಹೆಸರು ಬಂದಿದೆ. ಲೋಹಕ್ಕೆ ವಿಶ್ರಾಂತಿ ಕೊಟ್ಟರೆ ಆಯಾಸ ಪರಿಹಾರವಾಗುವುದಿಲ್ಲವಾದ್ದರಿಂದ ಹೆಸರು ಅಷ್ಟು ಒಪ್ಪುವಂತಹುದಲ್ಲ. ರೂಢಿಗೆ ಬಂದಿದೆಯಾಗಿ ಬಳಸಬೇಕು.

ಈಗ ಬಿಗಿತದ ಮಹಿಮೆ ಸ್ಪಷ್ಟವಾಗುತ್ತದೆ. ಚೆನ್ನಾಗಿ ಬಿಗಿದ ಸ್ಟಡ್ಡಿನಲ್ಲಿ ಸೆಳೆತ ದೊಡ್ಡದು, ಆದರೆ ಸ್ಥಿರವಾದುದು. ಹೊರಗಿನಿಂದ ಬರುವ ಏರಿಳಿತವನ್ನು ಅವುಚಿಕೊಂಡಿರುವ ದಪ್ಪ ಮುಖಗಳೇ ನುಂಗಿಕೊಂಡು ಅತ್ಯಲ್ಪ ಪಾಲನ್ನು ಮಾತ್ರ ಸ್ಟಡ್ಡಿಗೆ ಬಿಡುತ್ತವೆ. ಸಡಿಲವಾದ ಸ್ಟಡ್ಡಿನಲ್ಲಿ ಸೆಳೆತ ಸಣ್ಣದು, ಏರಿಳಿತವೆಲ್ಲ ಅದರದೇ. ಮುರಿದ ಸ್ಟಡ್ಡಿನ ಮುಖವನ್ನು ನೋಡಿದರೆ ಇದು ಓದಲು ಬರುತ್ತದೆ. ಆಯಾಸದಿಂದ ಮುರಿದಿದ್ದರೆ ಅಂಚಿನ ಒಂದು ಬಿಂದುವಿನಿಂದ ಹೊರಟು ನೀರು ಇಳಿದ ಕೆರೆಯ ದಡದ ಮೇಲೆ ಮೂಡುವಂತಹ ಸಾಲುಸಾಲಾದ ಗೆರೆಗಳು ನುಣುಪಾದ ಭಾಗದ ಮೇಲೆ ಕಾಣುತ್ತವೆ. ಕೊನೆಯಲ್ಲಿ ಒಮ್ಮೆಲೇ ಹರಿದ ಸ್ವಲ್ಪ ಭಾಗ ಮಾತ್ರ ಒರಟು. ಬಿರುಕು ಸಾಮಾನ್ಯವಾಗಿ ಹುಟ್ಟುವುದು ನಟ್ಟು ಹಿಡಿದಿರುವ ಮೊದಲ ಸುತ್ತಿನ ಬುಡದಲ್ಲಿ. ವಿಪರೀತ ಬಿಗಿದು ಮುರಿದದ್ದಾದರೆ ಸ್ಟಡ್ಡು ಸೊಂಟದಲ್ಲಿ ಸಣ್ಣಗಾಗಿ ತಿರುಚಿಕೊಂಡಿರುತ್ತದೆ, ಮುಖವೆಲ್ಲ ಒರಟು. ಒಡೆದ ತುಂಡನ್ನು ಕಸಕ್ಕೆ ಎಸೆಯುವ ಮುನ್ನ ಒಂದು ನಿಮಿಷ ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಿಗೆ ಬರಬೇಕೆಂದು ನನ್ನ ಆಸೆ. ಒಂದು ಸ್ಟಡ್ಡು ಆಯಾಸದಿಂದ ಮುರಿದಿದ್ದರೆ ಅದೇ ಚಕ್ರದ ಉಳಿದ ಮೂರೂ ಅದೇ ಹಾದಿಯಲ್ಲಿರುತ್ತವೆ, ಅವನ್ನೂ ಬದಲಾಯಿಸಬೇಕು.

ಬಿಗಿತ ಹೇಗೆ ಕಳೆದುಹೋಗುತ್ತದೆ? ಇಲ್ಲಿಯ ಒಂದು ಅಂಕೆಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಈ ಥ್ರೆಡ್ಡಿನ ಪೀಡನಕ್ಕೆ ಒಳಗಾಗುವ ಅಡ್ಡಕೊಯ್ತದ ಕ್ಷೇತ್ರ 88 ಚದರ ಮಿಲಿಮೀಟರು. ಅದರ ಮೇಲೆ 41,700 ನ್ಯೂಟನ್ನು ಎಂದರೆ ಚದರ ಮಿಲಿಮೀಟರಿಗೆ ಸುಮಾರು 470 ನ್ಯೂಟನ್ನು. ಸ್ಟಡ್ಡಿನ ತಲೆಗೂ ನಟ್ಟಿಗೂ ನಡುವೆ ಹಿಗ್ಗುವ ಭಾಗ 30 ಮಿಲಿಮೀಟರೆಂದು ಹಿಡಿದರೆ, ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕದಿಂದ ಆಗುವ ಹಿಗ್ಗು ಮಿಲಿಮೀಟರಿನ ನೂರರಲ್ಲಿ ಏಳು ಪಾಲು. ಹದಿನೇಳು ಟನ್ನಿನ ಹಿಡಿತವೆಲ್ಲ ನಿಂತಿರುವುದು ಒಂದು ದಪ್ಪ ಕಾಗದದಷ್ಟೂ ಇಲ್ಲದ ಈ ಹಿಗ್ಗಿನ ಮೇಲೆ! ಚಕ್ರಕ್ಕೂ ಹಬ್ಬಿಗೂ ನಡುವೆ ಉಳಿದಿರುವ ತುಕ್ಕಿನ ಪದರವೋ ಬಣ್ಣದ ಲೇಪವೋ ನೂರರಲ್ಲಿ ಮೂರೂವರೆ ಪಾಲು ಪುಡಿಯಾಗಿ ಉದುರಿದರೆ ಹಿಡಿತದ ಅರ್ಧ ಹೋಯಿತು. ಯಾರೂ ನಟ್ಟನ್ನು ಮುಟ್ಟಿಲ್ಲ, ನಟ್ಟು ತಿರುಗಿಯೂ ಇಲ್ಲ, ಆದರೂ ಸಡಿಲ. ಆದಕಾರಣ ಚಕ್ರ ಹಾಕುವ ಮುನ್ನ ಎರಡು ಮುಖಗಳನ್ನೂ ತಂತಿಯ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಉಜ್ಜುವುದು ಅಂದಕ್ಕಾಗಿ ಮಾಡುವ ಕೆಲಸವಲ್ಲ.

ಕಾವಿನ ಪರಿಣಾಮವೂ ಉಂಟು. ಮಿಶ್ರಲೋಹದ ಚಕ್ರಗಳಲ್ಲಿ ಮುಖ್ಯವಾಗಿರುವ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಪಂದ್ಯದಿಂದ ಬಂದ ಚಕ್ರ ಬ್ರೇಕಿನ ಕಾವಿನಿಂದ 60 ಡಿಗ್ರಿ ಹೆಚ್ಚು ಬಿಸಿಯಾಗಿರುವಾಗಲೇ ನಟ್ಟು ಬಿಗಿದರೆ, ತಣ್ಣಗಾದ ಮೇಲೆ 20 ಮಿಲಿಮೀಟರು ದಪ್ಪದ ಅಲ್ಯೂಮಿನಿಯಂ ಉಕ್ಕಿಗಿಂತ ನೂರರಲ್ಲಿ ಒಂದೂಕಾಲು ಪಾಲಿನಷ್ಟು ಹೆಚ್ಚು ಕುಗ್ಗುತ್ತದೆ. ಏಳರಲ್ಲಿ ಒಂದೂಕಾಲು ಸಣ್ಣ ನಷ್ಟವೇನಲ್ಲ. ಬಿಗಿಯುವುದು ತಣ್ಣಗಾದ ಮೇಲೆಯೇ ಆಗಬೇಕು.

ಇನ್ನು ನಟ್ಟು ತಾನಾಗಿ ತಿರುಗಿ ಕಳಚಿಕೊಳ್ಳುವ ಸಂಗತಿ. ಇದಕ್ಕೆ ಅಂಜಿ ಹಿಂದೆ ಕೆಲವು ತಯಾರಕರು ಕಾರಿನ ಎಡಗಡೆಯ ಚಕ್ರಗಳಿಗೆ ಎಡಸುತ್ತಿನ ಥ್ರೆಡ್ಡನ್ನೇ ಇಡುತ್ತಿದ್ದರು. ಅಮೆರಿಕದ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ 1960ರ ದಶಕದಲ್ಲೂ ಈ ಪದ್ಧತಿ ಇತ್ತು. ಅದನ್ನರಿಯದೆ ಬಿಚ್ಚಲು ಹೋಗಿ ಇನ್ನಷ್ಟು ಬಿಗಿದು ಸ್ಟಡ್ಡು ಮುರಿದವರೆಷ್ಟೋ. 1969ರಲ್ಲಿ ಜರ್ಮನಿಯ ಗೆರ್ಹಾರ್ಡ್ ಯುಂಕರ್ ಪ್ರಯೋಗಗಳಿಂದ ಈ ಪ್ರಶ್ನೆಯನ್ನು ಬಿಡಿಸಿದ. ನಟ್ಟು ತಿರುಗುವುದು ಉದ್ದನೆಯ ಅದಿರಾಟದಿಂದಲ್ಲ, ಅವುಚಿದ ಮುಖಗಳು ಅಡ್ಡಡ್ಡಲಾಗಿ ಜಾರುವುದರಿಂದ. ಹಾಗೆ ಜಾರುವಾಗ ಥ್ರೆಡ್ಡಿನ ಘರ್ಷಣ ಕ್ಷಣಕ್ಷಣಕ್ಕೂ ಇಲ್ಲದಂತಾಗಿ ನಟ್ಟು ಇಳಿಜಾರಿನಲ್ಲಿ ಇಳಿಯುತ್ತದೆ. ಮುಖಗಳು ಜಾರದಷ್ಟು ಬಿಗಿತವಿದ್ದರೆ ಎಡಸುತ್ತೂ ಬೇಡ, ಬಲಸುತ್ತಿನ ಭಯವೂ ಬೇಡ.

ಸ್ಟಡ್ಡಿನ ವಿಚಾರವನ್ನು ಇಲ್ಲಿಗೆ ನಿಲ್ಲಿಸಿ ಬೇರಿಂಗಿನ ಕಡೆಗೆ ತಿರುಗೋಣ. ಎರಡನ್ನೂ ಒಂದೇ ಸಲ ಬದಲಾಯಿಸುವುದಕ್ಕೆ ಕಾರಣ ಈ ಕಾರಿನ ರಚನೆಯಲ್ಲಿಯೇ ಇದೆ. ಹಿಂದಿನ ಚಕ್ರದ ಬಳಿ ನಕಲ್ ಎಂಬ ಎರಕದ ಭಾಗವೊಂದಿದೆ. ಅದರ ದೊಡ್ಡ ರಂಧ್ರದಲ್ಲಿ ಬೇರಿಂಗಿನ ಹೊರಬಳೆ ಬಿಗಿಯಾಗಿ ಕುಳಿತಿರುತ್ತದೆ; ಅದು ಹೊರಬರದಂತೆ ಒಂದು ಸರ್ಕ್ಲಿಪ್ಪು. ಒಳಬಳೆಯ ರಂಧ್ರದೊಳಕ್ಕೆ ಹಬ್ಬು ಬಿಗಿಯಾಗಿ ತೂರಿರುತ್ತದೆ. ಹಬ್ಬಿನ ನಡುವಣ ಹಲ್ಲುಗಳೊಳಗೆ ಚಾಲಕದಂಡದ ತುದಿ ಹಾಯ್ದು ಹೊರಬಂದು, ಅದರ ಮೇಲೆ ಒಂದು ದೊಡ್ಡ ನಟ್ಟು. ಹಬ್ಬಿನ ಅಗಲವಾದ ಫ್ಲ್ಯಾಂಜಿನ ಹಿಂಬದಿಯಿಂದ ಸ್ಟಡ್ಡುಗಳನ್ನು ಒತ್ತಿ ಕೂರಿಸಿರುತ್ತಾರೆ. ಹಬ್ಬು ಬೇರಿಂಗಿನಿಂದ ಹೊರಬಂದರೆ ಬೇರಿಂಗು ಕೆಟ್ಟಿತೆಂದೇ ಅರ್ಥ. ಹೊಸ ಬೇರಿಂಗು ಹಾಕಲೆಂದು ಹಬ್ಬು ಕೈಗೆ ಬಂದ ಆ ಗಳಿಗೆಯೇ ಸ್ಟಡ್ಡುಗಳನ್ನು ಸರಿಯಾಗಿ ಕೂರಿಸಲು ತಕ್ಕ ಸಮಯ.

ಬೇರಿಂಗು ಕೆಟ್ಟಿರುವುದನ್ನು ಕಿವಿಯೇ ಮೊದಲು ತಿಳಿಸುತ್ತದೆ. ವೇಗದೊಡನೆ ಏರುವ ಒಂದು ಗುಂಯ್ ಎಂಬ ನಾದ. ಎಂಜಿನನ್ನು ಗೇರಿನಿಂದ ಬಿಡಿಸಿದರೂ ಅದು ನಿಲ್ಲುವುದಿಲ್ಲ. ಎಡಕ್ಕೆ ಬಳಸಿದಾಗ ನಾದ ಹೆಚ್ಚಿದರೆ ದೋಷ ಬಲಗಡೆಯ ಬೇರಿಂಗಿನಲ್ಲೆಂದು ಊಹಿಸಬಹುದು, ಏಕೆಂದರೆ ಆಗ ಭಾರ ಬಲಕ್ಕೆ ವಾಲಿರುತ್ತದೆ. ಡಿಫರೆನ್ಷಿಯಲ್ಲಿನ ಹಲ್ಲುಗಳ ಸದ್ದಾದರೆ ಅದು ತಿರುವಿನೊಡನೆ ಅಲ್ಲ, ವೇಗವರ್ಧಕವನ್ನು ಒತ್ತುವ ಬಿಡುವ ಕ್ರಮದೊಡನೆ ಮಾರ್ಪಡುತ್ತದೆ. ಕಾರನ್ನೆತ್ತಿ ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಒಂದು ಕೈಯಿಂದ ಚಕ್ರ ತಿರುಗಿಸುತ್ತ ಇನ್ನೊಂದು ಕೈಯನ್ನು ಸಸ್ಪೆನ್ಷನ್ನಿನ ಸ್ಪ್ರಿಂಗಿನ ಮೇಲಿಟ್ಟರೆ ಒರಟು ಅದಿರಾಟ ಬೆರಳಿಗೆ ತಿಳಿಯುತ್ತದೆ.

ತಿರುವಿನಲ್ಲಿ ಬೇರಿಂಗಿಗೆ ಬೀಳುವ ಭಾರ ಊಹೆಗೂ ಮೀರಿದುದು. ಗುರುತ್ವಕ್ಕೆ ಸಮನಾದ ವೇಗೋತ್ಕರ್ಷದಿಂದ ಬಳಸುವಾಗ ಹೊರಗಡೆಯ ಹಿಂಚಕ್ರಕ್ಕೆ ನೆಲ ಕೊಡುವ ಅಡ್ಡಬಲ ಸುಮಾರು 3,400 ನ್ಯೂಟನ್ನು. ಅದು ಬೀಳುವುದು ಅಚ್ಚಿನಿಂದ 29 ಸೆಂಟಿಮೀಟರು ಕೆಳಗೆ. ಬೇರಿಂಗಿನ ಎರಡು ಗುಂಡುಸಾಲುಗಳು ಈ ಬುಡಮೇಲು ಮಾಡುವ ಪ್ರಯತ್ನವನ್ನು ತಡೆಯುವ ಅಂತರ ಕೇವಲ 6 ಸೆಂಟಿಮೀಟರೆಂದಿಟ್ಟುಕೊಂಡರೂ ಒಂದೊಂದು ಸಾಲಿಗೆ 16,000 ನ್ಯೂಟನ್ನು ಬರುತ್ತದೆ. ನಿಂತ ಕಾರಿನಲ್ಲಿ ಒಂದು ಚಕ್ರದ ಮೇಲಿರುವ ಭಾರದ ಆರು ಪಟ್ಟಿಗೂ ಮೀರಿ. ಸ್ವೀಡನ್ನಿನ ಲುಂಡ್‌ಬರಿ ಮತ್ತು ಪಾಮ್‌ಗ್ರೆನ್ 1947ರಲ್ಲಿ ಪ್ರಕಟಿಸಿದ ಸಿದ್ಧಾಂತದಂತೆ ಗುಂಡುಬೇರಿಂಗಿನ ಆಯುಸ್ಸು ಭಾರದ ಘನಕ್ಕೆ ವಿಲೋಮವಾಗಿರುತ್ತದೆ. ಭಾರ ಕಾಲುಭಾಗ ಹೆಚ್ಚಿದರೆ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ. ಅಂದಕ್ಕಾಗಿ ಚಕ್ರವನ್ನು ಹೊರಕ್ಕೆ ಸರಿಸುವ ಸ್ಪೇಸರು ತಟ್ಟೆಗಳನ್ನು ಹಾಕುವ ಉತ್ಸಾಹಿಗಳು ಈ ಘನವನ್ನು ಸ್ವಲ್ಪ ನೆನೆಯಬೇಕು.

ಬಿಚ್ಚುವ ಕೆಲಸವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಚಾಲಕದಂಡದ ನಟ್ಟಿನ ಕೊರಳನ್ನು ದಂಡದ ಗಾಡಿಯೊಳಕ್ಕೆ ಜಜ್ಜಿ ಬೀಗ ಹಾಕಿರುತ್ತಾರೆ; ಅದನ್ನು ಎಬ್ಬಿಸಿ, ಚಕ್ರ ನೆಲದ ಮೇಲಿರುವಾಗಲೇ ಉದ್ದನೆಯ ಹಿಡಿಯಿಂದ ನಟ್ಟನ್ನು ಸ್ವಲ್ಪ ಸಡಿಲಿಸಬೇಕು. ಮುಂದೆ ಬ್ರೇಕಿನ ಕ್ಯಾಲಿಪರು, ಡಿಸ್ಕು. ಕ್ಯಾಲಿಪರನ್ನು ಅದರ ಕೊಳವೆಯಿಂದ ನೇತುಬಿಡದೆ ತಂತಿಯಿಂದ ಕಟ್ಟಬೇಕು. ನಕಲ್ಲಿನ ಕೆಳಭಾಗದ ಉದ್ದನೆಯ ಬೋಲ್ಟು ಹಳೆಯ ಕಾರುಗಳಲ್ಲಿ ತುಕ್ಕು ಹಿಡಿದು ಮೊಂಡುಬಿದ್ದಿರುತ್ತದೆ. ತಾಳ್ಮೆಯೂ ನುಸುಳುವ ಎಣ್ಣೆಯೂ ಎರಡು ದಿನ ಮುಂಚಿತವಾಗಿ ಬೇಕು. ಚಕ್ರದ ಕೋನಗಳನ್ನು ನಿರ್ಣಯಿಸುವ ಒಳಗಡೆಯ ಬೋಲ್ಟುಗಳನ್ನು ಮುಟ್ಟಬಾರದು.

ನಕಲ್ಲು ಪ್ರೆಸ್ಸಿಗೆ ಬಂದ ಮೇಲೆ ನಿಜವಾದ ಪರೀಕ್ಷೆ. ಹಬ್ಬನ್ನು ಹೊರಕ್ಕೆ ಒತ್ತುವಾಗ ಬಲವು ಹಬ್ಬಿನಿಂದ ಒಳಬಳೆಗೆ, ಒಳಬಳೆಯಿಂದ ಗುಂಡುಗಳಿಗೆ, ಗುಂಡುಗಳಿಂದ ಹೊರಬಳೆಗೆ ಹರಿಯುತ್ತದೆ. ಹಳೆಯ ಬೇರಿಂಗು ಇದರಿಂದ ನಾಶವಾಗುತ್ತದೆ, ಆಗಲಿ. ಒಳಬಳೆ ಎರಡು ಹೋಳುಗಳಾಗಿರುವುದರಿಂದ ಹೊರಗಡೆಯ ಹೋಳು ಹಬ್ಬಿಗೆ ಅಂಟಿಕೊಂಡೇ ಬರುತ್ತದೆ. ಅದನ್ನು ಉಜ್ಜುಗಲ್ಲಿನಿಂದ ಮುಕ್ಕಾಲುಪಾಲು ಕೊರೆದು ಉಳಿಯಿಂದ ಒಂದು ಪೆಟ್ಟು ಕೊಟ್ಟರೆ ಬಿರಿಯುತ್ತದೆ. ಪೂರ್ತಿ ಕೊರೆಯಹೋದರೆ ಹಬ್ಬಿನ ಮೈಗೆ ಗಾಯ. ಗಡುಸಾದ ಉಕ್ಕಿನ ಚೂರು ಸಿಡಿಯುವುದರಿಂದ ಕಣ್ಣಿಗೆ ಕನ್ನಡಕವಿಲ್ಲದೆ ಈ ಕೆಲಸಕ್ಕೆ ಕೈಹಾಕಕೂಡದು. ಅನಂತರ ಸರ್ಕ್ಲಿಪ್ಪನ್ನು ತೆಗೆದು, ಅದಿದ್ದ ಕಡೆಗೇ ಬೇರಿಂಗನ್ನು ಒತ್ತಿ ಹೊರಡಿಸಬೇಕು.

ಹೊಸದನ್ನು ಕೂರಿಸುವಾಗ ನಿಯಮ ಒಂದೇ: ಬಿಗಿಯಾಗಿ ಕೂರಬೇಕಾದ ಬಳೆ ಯಾವುದೋ ಆ ಬಳೆಯನ್ನೇ ಒತ್ತಬೇಕು. ನಕಲ್ಲಿಗೆ ಸೇರಿಸುವಾಗ ಹೊರಬಳೆಯನ್ನು ಮಾತ್ರ. ಹಳೆಯ ಬೇರಿಂಗಿನ ಹೊರಬಳೆಯನ್ನು ಸ್ವಲ್ಪ ಸವೆಸಿ ಸಣ್ಣದು ಮಾಡಿದರೆ ಅದೇ ಒಳ್ಳೆಯ ಒತ್ತುಗಟ್ಟೆಯಾಗುತ್ತದೆ. ಹಬ್ಬನ್ನು ಸೇರಿಸುವಾಗ ನಕಲ್ಲನ್ನು ಆನಿಸಿ ನಿಲ್ಲಿಸುವುದು ದೊಡ್ಡ ತಪ್ಪು. ಒಳಬಳೆಯ ಕೆಳಗೆ ಅದರಷ್ಟೇ ವ್ಯಾಸದ ಕೊಳವೆಯನ್ನಿಟ್ಟು ಒಳಬಳೆಗೇ ಆಧಾರ ಕೊಡಬೇಕು. ಆಧಾರ ನಕಲ್ಲಿಗೆ ಕೊಟ್ಟರೆ ಪ್ರೆಸ್ಸಿನ ಟನ್ನುಗಟ್ಟಲೆ ಬಲ ಗುಂಡುಗಳ ಮೂಲಕವೇ ಹಾಯುತ್ತದೆ. ಗುಂಡಿಗೂ ಬಳೆಗೂ ಇರುವ ಸ್ಪರ್ಶ ಬಹು ಸಣ್ಣ ಚುಕ್ಕೆಯಷ್ಟು. ಅಲ್ಲಿ ಹುಟ್ಟುವ ಪೀಡನವನ್ನು ಗಣಿಸುವ ದಾರಿಯನ್ನು 1880ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವನು, ಮುಂದೆ ವಿದ್ಯುತ್ಕಾಂತ ತರಂಗಗಳಿಂದ ಪ್ರಖ್ಯಾತನಾದ ಹೈನ್‌ರಿಷ್ ಹರ್ಟ್ಸ್. ಆಗ ಅವನು ಒಂದರ ಮೇಲೊಂದಿಟ್ಟ ಗಾಜಿನ ಮಸೂರಗಳನ್ನು ಕುರಿತು ಯೋಚಿಸುತ್ತಿದ್ದ, ಬೇರಿಂಗನ್ನಲ್ಲ. ಗುಂಡಿನ ವ್ಯಾಸದ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಶಾಶ್ವತವಾದ ತಗ್ಗನ್ನೇ ಇಂದಿನ ಶಾಸ್ತ್ರ ನಿಂತ ಬೇರಿಂಗಿನ ಭಾರದ ಮಿತಿಯೆಂದು ಒಪ್ಪಿಕೊಂಡಿದೆ. 12 ಮಿಲಿಮೀಟರಿನ ಗುಂಡಿಗೆ ಅದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಕಣ್ಣಿಗೆ ಕಾಣದ ಇಂತಹ ತಗ್ಗುಗಳ ಸಾಲೇ ಹೊಸ ಬೇರಿಂಗು ಮೊದಲ ದಿನದಿಂದಲೇ ಗುಂಯ್‌ಗುಡುವುದಕ್ಕೆ ಕಾರಣ. ವಿದ್ಯಾರ್ಥಿಯಾಗಿದ್ದಾಗ ಸ್ಕೂಟರಿನ ಬೇರಿಂಗೊಂದನ್ನು ನಾನು ಸುತ್ತಿಗೆಯಿಂದ ಒಳಬಳೆಗೆ ಬಡಿದು ಕೂರಿಸಿ, ಅದು ಕೂಗತೊಡಗಿದಾಗ ಅಂಗಡಿಯವನನ್ನು ನಕಲಿ ಮಾಲೆಂದು ದೂರಿದ್ದುಂಟು. ಅಂಗಡಿಯವನು ನಿರಪರಾಧಿ.

ಬೇರಿಂಗನ್ನು ತಣ್ಣಗೆ ಮಾಡಿ ಕೂರಿಸಿದರೆ ಸುಲಭವೆಂಬುದು ನಿಜ. 7 ಸೆಂಟಿಮೀಟರು ವ್ಯಾಸದ ಉಕ್ಕಿನ ಬಳೆ 40 ಡಿಗ್ರಿ ತಣ್ಣಗಾದರೆ ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ಕುಗ್ಗುತ್ತದೆ. ಬಿಗಿತದ ಬಹುಭಾಗ ಅಷ್ಟರಲ್ಲೇ ಇಳಿಯುತ್ತದೆ. ತೇವ ತಾಗದಂತೆ ಮುಚ್ಚಿಟ್ಟಿರಬೇಕು, ಹೊರತೆಗೆದ ಮೇಲೆ ತಡಮಾಡಬಾರದು.

ಈಗ ಸ್ಟಡ್ಡು. ಹಳೆಯದನ್ನು ಪ್ರೆಸ್ಸಿನಿಂದ ಹಿಂದಕ್ಕೆ ಒತ್ತಿ ತೆಗೆದು, ಹೊಸದರ ಕೊರಳಿನ ಗೀರುಗಳು ಹಬ್ಬಿನ ರಂಧ್ರದ ಗೀರುಗಳಿಗೆ ಹೊಂದುವಂತೆ ನಿಲ್ಲಿಸಿ ಒತ್ತಬೇಕು. ಸ್ಟಡ್ಡು ತಿರುಗಿ ತಿರುಗಿ ರಂಧ್ರವೇ ದೊಡ್ಡದಾಗಿದ್ದರೆ ಹಬ್ಬನ್ನೇ ತ್ಯಜಿಸುವುದು ಕ್ಷೇಮ. ಪ್ರೆಸ್ಸಿಲ್ಲದವರು ವಾಷರುಗಳನ್ನು ಪೇರಿಸಿ ಚಕ್ರದ ನಟ್ಟಿನಿಂದಲೇ ಸ್ಟಡ್ಡನ್ನು ಎಳೆದು ಕೂರಿಸುವುದುಂಟು. ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಹೊಸ ಥ್ರೆಡ್ಡು ಅಲ್ಲಿಯೇ ಅರ್ಧ ನೊಂದಿರುತ್ತದೆ. ತಲೆ ಪೂರ್ತಿ ಕುಳಿತಿತೋ ಇಲ್ಲವೋ ತಿಳಿಯುವುದಿಲ್ಲ. ತಲೆಯ ಕೆಳಗೆ ನೂರರಲ್ಲಿ ಹತ್ತು ಪಾಲು ಸಂದಿ ಉಳಿದು, ಅದು ಮುಂದೆ ರಸ್ತೆಯ ಮೇಲೆ ಕುಳಿತುಕೊಂಡಿತೆನ್ನಿ. ಹಿಗ್ಗು ಇದ್ದದ್ದೇ ಏಳು ಪಾಲು, ಹಿಡಿತ ಪೂರ್ತಿ ಶೂನ್ಯ. ಪ್ರೆಸ್ಸಿನಿಂದ ಕೂರಿಸಿದ ಮೇಲೂ ಫೀಲರ್ ಗೇಜಿನ ಅತ್ಯಂತ ತೆಳುವಾದ ಎಲೆಯನ್ನು ತಲೆಯ ಸುತ್ತ ತೂರಿಸಿ ನೋಡಬೇಕು, ಎಲ್ಲಿಯೂ ತೂರಬಾರದು. ಉದ್ದನೆಯ ಸ್ಟಡ್ಡುಗಳನ್ನು ಹಾಕಿಸುವವರು ನೋಡಬೇಕಾದದ್ದು ನಟ್ಟು ಎಷ್ಟು ಸುತ್ತು ಹಿಡಿಯುತ್ತದೆಂಬುದನ್ನು. ಸ್ಟಡ್ಡಿನ ವ್ಯಾಸದಷ್ಟಾದರೂ ಆಳ ಬೇಕು. ಇಲ್ಲಿ 12 ಮಿಲಿಮೀಟರಿಗೆ ಎಂಟು ಪೂರ್ಣ ಸುತ್ತು.

ಚಾಲಕದಂಡದ ನಟ್ಟಿಗೆ ಹಿಂದಿರುಗಿದರೆ ಅಲ್ಲಿಯೂ ನಾವು ಕಾಣುವುದು ಬಿಗಿತವನ್ನೇ. ಒಳಬಳೆಯ ಎರಡು ಹೋಳುಗಳನ್ನು ಒಂದಕ್ಕೊಂದು ಅವುಚಿ, ಗುಂಡುಗಳಿಗೆ ಎಷ್ಟು ಸ್ಥಳವಿರಬೇಕೋ ಅಷ್ಟೇ ಇರುವಂತೆ ಮಾಡುವುದು ಆ ನಟ್ಟು. ಅದು ಬಿಗಿಯುವುದಕ್ಕೆ ಮೊದಲೇ ಕಾರಿನ ಭಾರವನ್ನು ಚಕ್ರದ ಮೇಲೆ ಬಿಟ್ಟು, ಕಾರ್ಯಾಗಾರದ ಅಂಗಳದಲ್ಲಿ ನಾಲ್ಕು ಹೆಜ್ಜೆ ತಳ್ಳಿದರೂ ಹೋಳುಗಳು ಬೇರೆಯಾಗಿ ಗುಂಡುಗಳು ಅಂಚಿಗೆ ಹತ್ತಿ ಹೊಸ ಬೇರಿಂಗು ಹಾಳಾಗಬಹುದು. ಆದ್ದರಿಂದ ಕಾರು ಸ್ಟ್ಯಾಂಡಿನ ಮೇಲಿರುವಾಗಲೇ, ಬ್ರೇಕನ್ನು ಇನ್ನೊಬ್ಬರು ಒತ್ತಿಹಿಡಿದಿರುವಂತೆ, ಕೈಪಿಡಿ ವಿಧಿಸಿದ ಪೂರ್ಣ ಟಾರ್ಕಿಗೆ ಬಿಗಿದು ಕೊರಳನ್ನು ಜಜ್ಜಬೇಕು. ನಟ್ಟು ಹೊಸದೇ ಆಗಿರಬೇಕು. ಒಮ್ಮೆ ಜಜ್ಜಿದ್ದು ಎರಡನೆಯ ಸಲ ನಂಬಿಕೆಗೆ ಅರ್ಹವಲ್ಲ.

ಕೊನೆಗೆ ಚಕ್ರ. ಥ್ರೆಡ್ಡಿಗೆ ಎಣ್ಣೆ ಹಚ್ಚುವ ಅಭ್ಯಾಸವಿರುವವರಿಗೆ ಒಂದು ಮಾತು. ಬಿಗಿಯುವ ಶ್ರಮದಲ್ಲಿ ಸ್ಟಡ್ಡನ್ನು ಹಿಗ್ಗಿಸುವುದಕ್ಕೆ ಸಲ್ಲುವುದು ಸ್ಥೂಲವಾಗಿ ಹತ್ತರಲ್ಲಿ ಒಂದು ಪಾಲು, ಉಳಿದುದೆಲ್ಲ ಘರ್ಷಣಕ್ಕೆ. ಎಣ್ಣೆಯಿಂದ ಗುಣಾಂಕ 0.2ರಿಂದ 0.15ಕ್ಕೆ ಇಳಿದರೆ ಅದೇ 100 ನ್ಯೂಟನ್-ಮೀಟರಿಗೆ ಸೆಳೆತ 55,600 ನ್ಯೂಟನ್ನಿಗೆ ಏರಿ, ಪೀಡನ ಚದರ ಮಿಲಿಮೀಟರಿಗೆ 630 ನ್ಯೂಟನ್ನನ್ನು ದಾಟುತ್ತದೆ. ಸಾಮಾನ್ಯ 8.8 ದರ್ಜೆಯ ಉಕ್ಕು ಶಾಶ್ವತವಾಗಿ ಹಿಗ್ಗತೊಡಗುವುದು 640ರಲ್ಲಿ. ಕೈಪಿಡಿಯ ಅಂಕೆ ಒಣಗಿದ ಥ್ರೆಡ್ಡಿಗೆ ಹೇಳಿದ್ದಾದರೆ ಥ್ರೆಡ್ಡು ಒಣಗಿಯೇ ಇರಬೇಕು. ನಟ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಆವೃತ್ತಿಗಳಲ್ಲಿ, ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಗಾಳಿಯೊತ್ತಡದ ಗನ್ನು ಬಿಚ್ಚುವುದಕ್ಕೆ ಮಾತ್ರ. ಕಾರನ್ನು ನೂರು ಕಿಲೋಮೀಟರು ಓಡಿಸಿ, ಚಕ್ರ ತಣ್ಣಗಾದ ಮೇಲೆ ಅದೇ ರೆಂಚನ್ನು ಅದೇ ಅಂಕೆಗೆ ಇಟ್ಟು ಮತ್ತೆ ನೋಡಬೇಕು. ಹೊಸ ಸ್ಟಡ್ಡುಗಳನ್ನು ಹಾಕಿದ ಚಕ್ರದಲ್ಲಿ ಎಷ್ಟೋ ವೇಳೆ ಒಂದೆರಡು ನಟ್ಟುಗಳು ಕಿರುಬೆರಳಿನಗಲ ಇನ್ನೂ ತಿರುಗುತ್ತವೆ. ಆಗ ಇನ್ನೊಂದು ನೂರು ಕಿಲೋಮೀಟರಿನ ಮೇಲೆ ಮತ್ತೊಮ್ಮೆ ನೋಡಿ, ಯಾವ ನಟ್ಟೂ ಕದಲದಿದ್ದರೆ ನಟ್ಟಿನಿಂದ ಸ್ಟಡ್ಡಿನ ತುದಿಯವರೆಗೆ ಬಣ್ಣದ ಒಂದು ಗೆರೆಯನ್ನೆಳೆದು ಬಿಡಬಹುದು.